ಬಂಜರೆಂದು ಕರೆದ ನೆಲದ ನಿವಾಸಿಗಳು

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ ಪಡುವಲಿಗೆ ಮುಖಮಾಡಿ ನಿಂತರೆ ದೂರದಲ್ಲಿ ಬೆಟ್ಟಗಳ ಸಾಲು ಕಾಣುತ್ತದೆ. ದೇವರಾಯನದುರ್ಗದಿಂದ ಹೊರಟು ಕೊರಟಗೆರೆ, ಚನ್ನರಾಯನದುರ್ಗ, ಮಧುಗಿರಿಗಳನ್ನು ಹಾಯ್ದು ಪಾವಗಡದವರೆಗೆ ಹಬ್ಬಿದ ಕಲ್ಲುಬೆಟ್ಟಗಳ ಸಾಲದು. ಮೂಡಲಿಗೆ ತಿರುಗಿದರೆ ರಾಗಿಯ ಹೊಲ, ಕಡಲೆಕಾಯಿಯ ಹೊಲ, ಅಡಿಕೆ ತೆಂಗುಗಳ ತೋಟ. ಅವುಗಳ ನಡುನಡುವೆ ಯಾರೂ ಉಳದೆ ಬಿಟ್ಟ ಹುಲ್ಲುಬೀಳು. ಈ ಬೆಟ್ಟಕ್ಕೂ ಬಯಲಿಗೂ ನಂಟು ಬೆಸೆದು ಹರಿಯುವವಳು ಜಯಮಂಗಲಿ.

ನಮ್ಮ ಮನೆಗಳ ಮಕ್ಕಳನ್ನು ಕರೆದು, ಕಾಡುಪ್ರಾಣಿಗಳ ಹೆಸರು ಹೇಳಿರೆಂದರೆ ಸಿಂಹ, ಜಿರಾಫೆ, ಜೀಬ್ರಾ ಎಂದು ಒಂದೇ ಉಸಿರಿನಲ್ಲಿ ಹೇಳಿಯಾರು. ಆಫ್ರಿಕದ ಹುಲ್ಲುಗಾವಲನ್ನು ಅವರು ದೂರದರ್ಶನದ ಪರದೆಯ ಮೇಲೆ ಎಷ್ಟೋ ಸಲ ಕಂಡಿದ್ದಾರೆ. ಆದರೆ ತಮ್ಮ ಊರಿನಿಂದ ಕೆಲವೇ ಹರದಾರಿ ದೂರದಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುತ್ತಿವೆ, ಹಿತ್ತಿಲ ಬೆಟ್ಟದ ಗವಿಯಲ್ಲಿ ಕರಡಿ ತನ್ನ ಮರಿಗಳನ್ನು ಸಾಕುತ್ತಿದೆ ಎಂಬುದನ್ನು ಅವರಿಗೆ ಹೇಳಿದವರು ಯಾರು? ತಪ್ಪು ಮಕ್ಕಳದಲ್ಲ. ಬೆಟ್ಟವನ್ನು ಬೋಳುಗುಡ್ಡವೆಂದೂ ಹುಲ್ಲುಬಯಲನ್ನು ಬಂಜರೆಂದೂ ಕರೆದು ಅತ್ತ ತಿರುಗಿಯೂ ನೋಡದವರು ಹಿರಿಯರಾದ ನಾವು. ಈ ಲೇಖನದಲ್ಲಿ ಜಯಮಂಗಲಿಯ ಜೊತೆಯಲ್ಲಿ ಬೆಟ್ಟದಿಂದ ಬಯಲಿಗೆ ಇಳಿದು, ಅಲ್ಲಿ ಬಾಳುತ್ತಿರುವ ಮೂಕಜೀವಿಗಳನ್ನು ಓದುಗ ಬಂಧುಗಳಿಗೆ ಪರಿಚಯಿಸಬಯಸುತ್ತೇವೆ.

ಒಂದೇ ನದಿ, ಎರಡು ಬಗೆಯ ನೆಲ

ಜಯಮಂಗಲಿಯ ಉಗಮ ದೇವರಾಯನದುರ್ಗದ ಬೆಟ್ಟಗಳಲ್ಲಿ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಮುಂದೆ ಉತ್ತರ ಪಿನಾಕಿನಿಯನ್ನು ಅವಳು ಸೇರುತ್ತಾಳೆ. ಹುಟ್ಟಿದ ಕಡೆ ಎಲೆಯುದುರುವ ಕಾಡು. ಚೈತ್ರದಲ್ಲಿ ಒಣಗಿ ನಿಂತು ಮೊದಲ ಮಳೆಗೆ ಚಿಗುರುವ ಮರಗಳು. ಕೆಳಗಿಳಿದಂತೆ ಮರ ವಿರಳವಾಗಿ ಕುರುಚಲು ಹೆಚ್ಚುತ್ತದೆ: ಕಾರೆ, ಬಾರೆ, ಲಂಟಾನ, ಜಾಲಿ. ಇನ್ನೂ ಮುಂದೆ ಆಂಧ್ರದ ಗಡಿಯತ್ತ ಸಾಗಿದರೆ ನೆಲವೆಲ್ಲ ಹುಲ್ಲು. ನಡುವೆ ಅಲ್ಲೊಂದು ಇಲ್ಲೊಂದು ಮರ.

ಹೀಗೆ ಹುಲ್ಲು ಹರಡಿ, ಮರಗಳು ದೂರದೂರಕ್ಕೆ ನಿಂತ ನೆಲವನ್ನು ವಿಜ್ಞಾನಿಗಳು ಸವನ್ನಾ ಎನ್ನುತ್ತಾರೆ. ಅದು ಆಫ್ರಿಕದಲ್ಲಿ ಮಾತ್ರ ಉಂಟೆಂದು ಬಹುಮಂದಿಯ ಎಣಿಕೆ. ನಮ್ಮ ದಖ್ಖನ್ ಪ್ರಸ್ಥಭೂಮಿಯ ಒಣ ಬಯಲುಗಳೂ ಅದೇ ಜಾತಿಗೆ ಸೇರಿದುವು. ಇವು ಕಡಿದು ಹಾಳುಮಾಡಿದ ಕಾಡುಗಳ ಅವಶೇಷಗಳೆಂದು ಬಹುಕಾಲ ನಂಬಲಾಗಿತ್ತು. ಆದರೆ ಏಷ್ಯದ ಸವನ್ನಾಗಳು ಮನುಷ್ಯನ ಕೊಡಲಿಯಿಂದ ಹುಟ್ಟಿದುವಲ್ಲ, ಬಹು ಪುರಾತನವಾದುವು ಎಂಬುದನ್ನು ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರತಿಪಾದಿಸಿದ್ದಾರೆ. ಮಳೆ ಕಡಿಮೆ, ಬೇಸಗೆ ದೀರ್ಘ. ಮೇಯುವ ಪ್ರಾಣಿಗಳುಂಟು, ಆಗಾಗ ಬೆಂಕಿಯುಂಟು. ಇವೆಲ್ಲ ಕೂಡಿ ರೂಪಿಸಿದ ನೆಲವದು. ಮರವಿಲ್ಲವೆಂಬುದು ಅದರ ಕೊರತೆಯಲ್ಲ, ಅದರ ಸ್ವಭಾವ.

ಈ ಎರಡು ಬಗೆಯ ನೆಲವೂ ಅಕ್ಕಪಕ್ಕದಲ್ಲಿರುವುದೇ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಿರಿಮೆ. ಹಲವು ಪ್ರಾಣಿಗಳು ಈ ನೆಲವನ್ನು ಹಂಚಿಕೊಂಡು ಬಾಳುತ್ತಿವೆ. ಒಂದು ಹಗಲಿಗೆ, ಇನ್ನೊಂದು ಇರುಳಿಗೆ; ಒಂದು ಬಂಡೆಗೆ, ಇನ್ನೊಂದು ಬಯಲಿಗೆ; ಒಂದಕ್ಕೆ ಗೆದ್ದಲು, ಇನ್ನೊಂದಕ್ಕೆ ಗರಿಕೆ. ಒಟ್ಟುಕುಟುಂಬದಲ್ಲಿ ಕೋಣೆ, ಹೊತ್ತು, ಕೆಲಸಗಳನ್ನು ಹಂಚಿಕೊಂಡಂತೆಯೇ ಇದೂ.

ಗವಿಯ ಒಡೆಯ ಕರಡಿ

ಬೆಟ್ಟದಿಂದಲೇ ಆರಂಭಿಸೋಣ. ಸಿದ್ಧರಬೆಟ್ಟಕ್ಕೆ ದರ್ಶನಕ್ಕೆ ಹೋಗಿ ಬಂದ ಭಕ್ತರಲ್ಲಿ ಕರಡಿಯ ಮಾತನ್ನು ಕೇಳದವರು ವಿರಳ. ದೊಡ್ಡ ದೊಡ್ಡ ಗುಂಡುಗಳು ಒಂದರ ಮೇಲೊಂದು ಒರಗಿ ನಿಂತ ಬೆಟ್ಟಗಳಲ್ಲಿ ಸಹಜವಾಗಿಯೇ ಗವಿಗಳುಂಟಾಗುತ್ತವೆ. ಬೇಸಗೆಯ ಹಗಲಿನಲ್ಲಿ ಹೊರಗೆ ಬಂಡೆ ಕಾದು ಸುಡುತ್ತಿದ್ದರೂ ಗವಿಯೊಳಗೆ ತಂಪು. ಕರಡಿಗೆ ಬೇಕಾದುದು ಅದೇ. ಹಗಲೆಲ್ಲ ಅಲ್ಲಿ ಮಲಗಿದ್ದು ಇಳಿಹೊತ್ತಿಗೆ ಹೊರಟರೆ ಮರಳುವುದು ಬೆಳಕು ಹರಿಯುವ ಹೊತ್ತಿಗೆ.

ನಮ್ಮ ಈ ಕಪ್ಪು ಕರಡಿ ಭಾರತ, ನೇಪಾಳ, ಶ್ರೀಲಂಕಾಗಳ ಸೊತ್ತು. ಇದರ ಮುಖ್ಯ ಆಹಾರ ಗೆದ್ದಲು, ಇರುವೆ ಮತ್ತು ಹಣ್ಣು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕಿಲ್ಲ. ಆ ಸಂದಿನಿಂದಲೇ ಗೆದ್ದಲನ್ನು ಗಾಳಿಯೊಡನೆ ಸೆಳೆದುಕೊಳ್ಳುತ್ತದೆ. ಮಣ್ಣು ಮೂಗಿಗೆ ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಹಾಗೆ ಹೀರುವ ಸದ್ದು ನೂರು ಗಜಕ್ಕೂ ಆಚೆ ಕೇಳುವುದುಂಟು. ಬಾರೆ, ಕಾರೆ, ನೇರಳೆ, ಕಕ್ಕೆಗಳ ಹಣ್ಣು ತಿಂದು ಅದು ಹಿಕ್ಕೆಯಲ್ಲಿ ಬಿಟ್ಟ ಬೀಜಗಳು ಮಳೆಗೆ ಮೊಳೆಯುತ್ತವೆ. ಯಾವ ಕೂಲಿಯನ್ನೂ ಬೇಡದೆ ಬೆಟ್ಟಕ್ಕೆ ಬೀಜ ಬಿತ್ತುವ ಕಾಯಕ ಅದರದು.

ತಾಯಿ ಕರಡಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಒಂದೆರಡು ಮರಿ ಹಾಕುತ್ತದೆ. ಮರಿಗಳು ಹಲವು ತಿಂಗಳು ತಾಯಿಯ ಬೆನ್ನಿನ ಕೂದಲು ಹಿಡಿದು ಸವಾರಿ ಮಾಡುತ್ತವೆ. ಕರಡಿಯಿಂದ ಅಪಾಯವೊದಗುವುದು ಬಹುಮಟ್ಟಿಗೆ ಎದುರುಬದುರಾಗಿ ಹಠಾತ್ತನೆ ಸಿಕ್ಕಿದಾಗ. ಅದರ ದೃಷ್ಟಿ ಮಂದ. ಗೆದ್ದಲು ಅಗೆಯುವ ಗದ್ದಲದಲ್ಲಿ ಮನುಷ್ಯನ ಹೆಜ್ಜೆಯ ಸದ್ದು ಅದಕ್ಕೆ ಕೇಳಿಸದು. ಬೆಚ್ಚಿಬಿದ್ದ ಕರಡಿ ಓಡುವುದಕ್ಕೆ ಬದಲು ಮೇಲೆರಗುತ್ತದೆ. ಮರಿಯಿದ್ದರಂತೂ ಹೇಳುವುದೇ ಬೇಡ. ಸೌದೆಗೋ, ದನ ಹುಡುಕುವುದಕ್ಕೋ ಮಬ್ಬುಗತ್ತಲಿನಲ್ಲಿ ಬೆಟ್ಟದ ಬುಡಕ್ಕೆ ಹೋದ ಬಡಪಾಯಿ ಮುಖವನ್ನೇ ಕಳೆದುಕೊಂಡ ಸಂಗತಿಗಳು ಈ ಸೀಮೆಗೆ ಹೊಸತಲ್ಲ.

ಮಧುಗಿರಿ, ಕೊರಟಗೆರೆಗಳ ನಡುವಣ ತಿಮ್ಮಲಾಪುರದ ಕಾಡು 2016ರಲ್ಲಿ ವನ್ಯಜೀವಿಧಾಮವಾಯಿತು. ಅದರ ವಿಸ್ತಾರ ಸುಮಾರು 50 ಚದರ ಕಿಲೋಮೀಟರ್. ಇದಕ್ಕೆ ಮುಂಚೆ 1994ರಲ್ಲಿ ಬಳ್ಳಾರಿ ಸೀಮೆಯ ದರೋಜಿಯಲ್ಲಿ ಕರಡಿಧಾಮ ಆಗಿತ್ತು. ಎರಡೂ ಕಡೆಯ ನೆಲದ ಲಕ್ಷಣ ಒಂದೇ: ಗುಂಡುಗಳ ಗುಡ್ಡ, ಮುಳ್ಳಿನ ಪೊದೆ. ನೋಡುವವರ ಕಣ್ಣಿಗೆ ಯಾವುದಕ್ಕೂ ಬಾರದ ನೆಲ. ಕರಡಿಗೆ ಅದೇ ಕೈಲಾಸ. ಕಲ್ಲಿನ ಕ್ವಾರಿಗಾಗಿ ಒಂದು ಗುಡ್ಡವನ್ನು ಸಿಡಿಸಿದಾಗ ನಾವು ಕಳೆದುಕೊಳ್ಳುವುದು ಕಲ್ಲನ್ನು ಮಾತ್ರವಲ್ಲ, ಮತ್ತೆ ಕಟ್ಟಿಕೊಡಲಾಗದ ಅನೇಕ ಮನೆಗಳನ್ನು.

ಎಲ್ಲ ಕಡೆಗೂ ಸಲ್ಲುವ ಚಿರತೆ

ಅದೇ ಬೆಟ್ಟದ ಇನ್ನೊಬ್ಬ ಪಾಲುದಾರ ಚಿರತೆ. ಆಫ್ರಿಕದ ದಟ್ಟ ಮಳೆಕಾಡಿನಲ್ಲಿರುವುದೂ, ಅಲ್ಲಿಯ ಹುಲ್ಲುಗಾವಲಿನಲ್ಲಿರುವುದೂ, ನಮ್ಮ ಚನ್ನರಾಯನದುರ್ಗದ ಬಂಡೆಯ ಮೇಲೆ ಮಲಗುವುದೂ ಒಂದೇ ಜಾತಿಯ ಚಿರತೆ. ಅದಕ್ಕೆ ಬೇಕಾದುದು ಎರಡೇ: ಹಗಲಿಗೆ ಮರೆ, ಇರುಳಿಗೆ ಆಹಾರ. ಮೊಲವಾದರೂ ಆದೀತು, ನವಿಲಾದರೂ ಆದೀತು, ಬೀದಿನಾಯಿಯಾದರೂ ಆದೀತು.

2022ರ ಗಣತಿಯ ವರದಿಯಂತೆ ದೇಶದಲ್ಲಿ ಅಂದಾಜು 13,874 ಚಿರತೆಗಳು, ಕರ್ನಾಟಕದಲ್ಲಿ 1,879. ಈ ಎಣಿಕೆ ಮುಖ್ಯವಾಗಿ ಹುಲಿಯಿರುವ ರಾಜ್ಯಗಳ ಕಾಡುಗಳಲ್ಲಿ ನಡೆದುದು. ಹೊಲ ತೋಟಗಳ ನಡುವೆ, ಹಳ್ಳಿಯ ಬೆಟ್ಟಗಳಲ್ಲಿ ಇರುವ ಚಿರತೆಗಳೆಲ್ಲ ಇದರೊಳಗೆ ಬಂದಿಲ್ಲ.

ಚಿರತೆಯನ್ನು ಹೊಗಳಿ ಮುಗಿಸಿದರೆ ಸತ್ಯಕ್ಕೆ ಅಪಚಾರ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ನಮ್ಮ ಜಿಲ್ಲೆಯ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಪುಟ್ಟ ಮಕ್ಕಳೂ ವೃದ್ಧರೂ ಚಿರತೆಗೆ ಬಲಿಯಾದರು. ಅಂಗಳದಲ್ಲಿ ಆಡುತ್ತಿದ್ದ ಕೂಸನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ವನ್ಯಜೀವಿಗಳ ಮೇಲೆ ದಯೆಯಿರಲಿ ಎಂದು ಯಾರು ಹೇಳಿಯಾರು? ಆ ದುಃಖವನ್ನು ಬದಿಗಿಟ್ಟು ಈ ವಿಷಯವನ್ನು ಬರೆಯುವ ಅಧಿಕಾರ ನಮಗಿಲ್ಲ.

ಆದರೆ ಆ ದುಃಖಕ್ಕೆ ಪರಿಹಾರ ಯಾವುದು? ಕಂಡ ಚಿರತೆಗಳನ್ನೆಲ್ಲ ಬೋನಿಗೆ ಕೆಡವಿ ದೂರದ ಕಾಡಿಗೆ ಸಾಗಿಸಿರೆಂಬುದು ಜನರ ಬೇಡಿಕೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2001ರಿಂದ ಈಚೆಗೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಲಾಯಿತು. ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿದಾಗ ಕಂಡುದು ಬೇರೆಯೇ: ಸಾಗಿಸಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದ್ದವು. ಗುರುತಿಲ್ಲದ ನೆಲದಲ್ಲಿ ಬಿಡಲ್ಪಟ್ಟ, ಬೋನಿನ ಸಂಕಟ ಅನುಭವಿಸಿದ ಪ್ರಾಣಿ ಮೊದಲಿಗಿಂತ ಅಪಾಯಕಾರಿ. ಅದು ಬಿಟ್ಟುಬಂದ ಜಾಗಕ್ಕೋ, ಸ್ವಲ್ಪ ದಿನಗಳಲ್ಲಿ ಇನ್ನೊಂದು ಚಿರತೆ ಬಂದು ನೆಲೆಸುತ್ತದೆ. ಮನುಷ್ಯರ ಮೇಲೆ ಎರಗುವುದನ್ನೇ ರೂಢಿಮಾಡಿಕೊಂಡ ಪ್ರಾಣಿಯನ್ನು ಹಿಡಿಯಲೇಬೇಕು, ಸಂದೇಹವಿಲ್ಲ. ಆದರೆ ಅದು ರೋಗಕ್ಕೆ ಔಷಧವಲ್ಲ, ಗಾಯಕ್ಕೆ ಕಟ್ಟಿದ ಪಟ್ಟಿ ಮಾತ್ರ.

ಬಯಲ ಸೊಬಗು ಕೃಷ್ಣಮೃಗ

ಬೆಟ್ಟವನ್ನು ಬಿಟ್ಟು ಈಗ ಬಯಲಿಗೆ ಬರೋಣ. ಮಧುಗಿರಿ ತಾಲ್ಲೂಕಿನ ಈಶಾನ್ಯದ ಅಂಚಿನಲ್ಲಿ, ಆಂಧ್ರದ ಗಡಿಗೆ ತಾಗಿದಂತೆ, ಮೈದನಹಳ್ಳಿ ಎಂಬ ಊರಿದೆ. ಅಲ್ಲಿಯ 323 ಹೆಕ್ಟೇರ್, ಎಂದರೆ ಸುಮಾರು 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ರಾಣೆಬೆನ್ನೂರಿನ ಅಭಯಾರಣ್ಯವನ್ನು ಬಿಟ್ಟರೆ ಕೃಷ್ಣಮೃಗಗಳಿಗೆ ರಾಜ್ಯದಲ್ಲಿ ಹೆಸರಾದ ನೆಲೆ ಇದೇ. ದೇವರಾಯನದುರ್ಗದಲ್ಲಿ ಹುಟ್ಟಿದ ನದಿಯ ಹೆಸರು ಕೊನೆಗೆ ಜಿಂಕೆಗಳ ಬಯಲಿಗೆ ಬಂದು ನಿಂತದ್ದು ಎಷ್ಟು ಉಚಿತವಾಗಿದೆ!

ಹೆಣ್ಣಿಗೆ ಕೊಂಬಿಲ್ಲ, ಮೈಬಣ್ಣ ತಿಳಿಗಂದು. ಬೆಳೆದ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಲೆಯ ಮೇಲೆ ತಿರುಚಿದ ಉದ್ದನೆಯ ಕೊಂಬು. ಓಡತೊಡಗಿದರೆ ಗಂಟೆಗೆ 80 ಕಿಲೋಮೀಟರ್ ವೇಗ. ಇಷ್ಟೊಂದು ವೇಗ ಅದಕ್ಕೆ ಏಕೆ ಬೇಕಾಯಿತು? ಒಂದು ಕಾಲದಲ್ಲಿ ಇದನ್ನು ಬೆನ್ನಟ್ಟುತ್ತಿದ್ದುದು ಸಿವಂಗಿ, ಎಂದರೆ ಚೀತಾ. ಭಾರತದ ಸಿವಂಗಿಗಳು ಅಳಿದುಹೋದುವೆಂದು 1952ರಲ್ಲಿ ಸಾರಲಾಯಿತು. 2022ರ ಸೆಪ್ಟೆಂಬರಿನಲ್ಲಿ ಆಫ್ರಿಕದ ನಮೀಬಿಯದಿಂದ ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಗಿದೆ. ನಮ್ಮ ಬಯಲುಗಳಲ್ಲಾದರೋ ಬೆನ್ನಟ್ಟುವವನು ಇಲ್ಲವಾದ, ಓಡುವವನ ಕಾಲಿನ ಕಸುವು ಮಾತ್ರ ಉಳಿಯಿತು.

ಕೃಷ್ಣಮೃಗಕ್ಕೆ ಕಾಡು ಬೇಡ. ಕಣ್ಣು ಹಾಯುವಷ್ಟು ದೂರ ತೆರೆದ ಬಯಲೇ ಅದರ ಕೋಟೆ. ಶತ್ರುವನ್ನು ದೂರದಿಂದಲೇ ಕಂಡು ಓಡುವುದೊಂದೇ ಅದಕ್ಕೆ ಗೊತ್ತಿರುವ ರಕ್ಷಣೆ. ಅಂತಹ ಬಯಲಿನಲ್ಲಿ ಸಾಲುಸಾಲಾಗಿ ನೀಲಗಿರಿ ಮರ ನೆಟ್ಟರೆ, ಇಲ್ಲವೆ ಬಳ್ಳಾರಿ ಜಾಲಿ ಹಬ್ಬಿಕೊಂಡರೆ, ಹುಲ್ಲೂ ಹೋಯಿತು, ನೋಟವೂ ಮುಚ್ಚಿಹೋಯಿತು. ಮರ ನೆಡುವುದು ಪುಣ್ಯದ ಕೆಲಸವೆಂದು ನಾವೆಲ್ಲರೂ ನಂಬಿದ್ದೇವೆ. ಆ ನಂಬಿಕೆ ತಪ್ಪಲ್ಲ. ಆದರೆ ಊರ ದಾರಿಯಲ್ಲಿ, ಕೆರೆಯ ಏರಿಯಲ್ಲಿ, ಮನೆಯ ಅಂಗಳದಲ್ಲಿ ನೆಟ್ಟ ಮರ ಪುಣ್ಯವಾದರೆ, ಜಿಂಕೆಯ ಹುಲ್ಲಿನಲ್ಲಿ ನೆಟ್ಟ ಮರ ಅದರ ಮನೆಯೊಳಗೆ ಎಬ್ಬಿಸಿದ ಗೋಡೆ.

ಮೈದನಹಳ್ಳಿಯ ಮೀಸಲು ಚಿಕ್ಕದು. ಜಿಂಕೆಗಳಿಗೆ ಗಡಿಗಲ್ಲಿನ ಗುರುತಿಲ್ಲ. ಬೆಳೆ ಹಸುರಾಗಿರುವ ಕಾಲಕ್ಕೆ ಸುತ್ತಣ ಹೊಲಗಳಿಗೂ ಅವು ಇಳಿಯುತ್ತವೆ. ಹುಟ್ಟಿದ ಮರಿಯನ್ನು ತಾಯಿ ಮೊದಲ ಕೆಲವು ದಿನ ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ಆ ಹೊತ್ತಿನಲ್ಲಿ ಊರ ನಾಯಿಗಳ ಹಿಂಡು ಬಂದರೆ ಮರಿಯ ಆಯುಷ್ಯ ಮುಗಿದಂತೆ.

ಬುಕ್ಕಾಪಟ್ಟಣದ ಇಬ್ಬರು ನಾಚಿಕೆಗಾರರು

ಬೆಟ್ಟದ ಕಾಡು, ಹುಲ್ಲಿನ ಬಯಲು ಎರಡರ ಗುಣವೂ ಸೇರಿದ ನೆಲ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು. ಹೊರಗಿನವರು ಅದನ್ನು ಬರಿಯ ಕುರುಚಲು ಎಂದೇ ಎಣಿಸಿದ್ದರು. ಸಂಜಯ ಗುಬ್ಬಿ ಮತ್ತು ಅವರ ಸಂಗಡಿಗರು ಚಿರತೆಯ ಅಧ್ಯಯನಕ್ಕೆಂದು ಅಲ್ಲಿ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇರಿಸಿದಾಗ ಅನಿರೀಕ್ಷಿತವಾದ ಅತಿಥಿಯೊಂದು ಚಿತ್ರದಲ್ಲಿ ಕಾಣಿಸಿಕೊಂಡಿತು. ಅದು ಚಿಂಕಾರ. ಉತ್ತರದ ಮರುಭೂಮಿಯಲ್ಲಿಯೂ ಬಾಳುವ, ನೀರಿಲ್ಲದೆ ಬಹುದಿನ ಇರಬಲ್ಲ ಸಣ್ಣ ಜಿಂಕೆ. ಅದು ಇಷ್ಟು ದಕ್ಷಿಣದಲ್ಲಿ ಇದೆಯೆಂಬುದು ಅದುವರೆಗೆ ದಾಖಲಾಗಿರಲಿಲ್ಲ. 2019ರಲ್ಲಿ ಅಲ್ಲಿಯ ಸುಮಾರು 136 ಚದರ ಕಿಲೋಮೀಟರ್ ಕಾಡು ಚಿಂಕಾರ ವನ್ಯಜೀವಿಧಾಮವೆನಿಸಿತು.

ಅದೇ ಕಾಡಿನ ಇನ್ನೊಬ್ಬ ನಾಚಿಕೆಗಾರ ಕೊಂಡಕುರಿ. ಗಂಡಿಗೆ ನಾಲ್ಕು ಕೊಂಬು: ಎರಡು ಕಿವಿಗಳ ನಡುವೆ, ಇನ್ನೆರಡು ಚಿಕ್ಕವು ಹಣೆಯ ಮೇಲೆ. ಭಾರತ, ನೇಪಾಳಗಳನ್ನು ಬಿಟ್ಟು ಬೇರೆಲ್ಲಿಯೂ ಈ ಪ್ರಾಣಿಯಿಲ್ಲ. ಕೃಷ್ಣಮೃಗದಂತೆ ಹಿಂಡುಕಟ್ಟಿ ಬಯಲಿಗೆ ಬರುವ ಸ್ವಭಾವ ಇದರದಲ್ಲ. ಒಂಟಿಯಾಗಿ ಅಥವಾ ಜೋಡಿಯಾಗಿ ಪೊದೆಯ ಮರೆಯಲ್ಲೇ ಬಾಳುತ್ತದೆ. ಚಿಂಕಾರಕ್ಕೆ ನೀರು ಅಷ್ಟಾಗಿ ಬೇಡ, ಕೊಂಡಕುರಿಗೆ ನೀರಿನ ಆಸರೆ ಬೇಕು. ಒಂದೇ ಕಾಡಿನಲ್ಲಿದ್ದೂ ಒಂದರ ಪಾಲನ್ನು ಇನ್ನೊಂದು ಕಸಿಯದೆ ಇರುವ ಬಗೆ ಇದು. ಈ ಕಾಡಿನಲ್ಲಿ ಚಿರತೆಗೂ ನೆಲೆಯುಂಟು. ಕಾಡಿನಲ್ಲಿ ಇಂತಹ ಬೇಟೆ ಸಮೃದ್ಧವಾಗಿದ್ದಷ್ಟೂ ಚಿರತೆಗೆ ಕೊಟ್ಟಿಗೆಯ ದಾರಿ ಹಿಡಿಯುವ ಅಗತ್ಯ ಕಡಿಮೆ ಎಂಬುದನ್ನು ನಾವು ಗಮನಿಸಬೇಕು.

ತೋಳ ಮತ್ತು ಕುರಿಗಾಹಿ

ಈ ಬಯಲಿನ ಬೇಟೆಗಾರ ತೋಳ. ಹುಲಿ ಚಿರತೆಗಳ ಹಾಗೆ ಅದಕ್ಕೆ ಕೀರ್ತಿಯಿಲ್ಲ, ಕಥೆಗಳಲ್ಲಿ ಕೂಡ ಕೆಟ್ಟ ಹೆಸರೇ. ಮಧುಗಿರಿ, ಶಿರಾ, ಪಾವಗಡಗಳ ಕಡೆ ಕುರಿ ಸಾಕುವುದು ಸಾವಿರಾರು ಮನೆಗಳ ಜೀವನಾಧಾರವಾದುದರಿಂದ ತೋಳವೆಂದರೆ ಸಿಟ್ಟು ಬರುವುದೂ ಸಹಜವೇ. ಈ ಸೀಮೆಯ ಬೀಳೊಂದರಲ್ಲಿ ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರನ್ನು, “ತಾತ, ತೋಳದ ಕಾಟ ಹೇಗಿದೆ?” ಎಂದು ನಾವು ಕೇಳಿದೆವು. ಅವರು ಕಂಬಳಿಯನ್ನು ಹೆಗಲಿಗೆ ಸರಿಪಡಿಸಿಕೊಂಡು ಹೇಳಿದ ಮಾತಿದು: “ಮುಂಚೆ ಈ ಬೀಳು ಆಚೆ ಗುಡ್ಡದ ಗಂಟ ಇತ್ತು ಸ್ವಾಮಿ. ಮೊಲ ಇತ್ತು, ಜಿಂಕೆ ಇತ್ತು. ತೋಳ ಅದ್ರ ಪಾಡಿಗೆ ಅದು, ನಮ್ ಪಾಡಿಗೆ ನಾವು. ಈಗ ಅದ್ಕೂ ಜಾಗ ಇಲ್ಲ, ನಮ್ ಕುರಿಗೂ ಜಾಗ ಇಲ್ಲ. ಇಬ್ರೂ ಒಂದೇ ತುಂಡು ನೆಲಕ್ಕೆ ಬಂದು ನಿಂತಿದೀವಿ.”

ಹತ್ತು ಪುಸ್ತಕ ಓದಿದರೂ ನಮಗೆ ಹೊಳೆಯದಿದ್ದ ಸತ್ಯವನ್ನು ಆ ಹಿರಿಯರು ನಾಲ್ಕು ಮಾತಿನಲ್ಲಿ ಹೇಳಿದ್ದರು. ತೋಳಕ್ಕೂ ಕುರಿಗಾಹಿಗೂ ಇರುವ ಕಷ್ಟ ಬೇರೆಬೇರೆಯಲ್ಲ. ಹುಲ್ಲುಗಾವಲು ಕರಗಿದರೆ ಇಬ್ಬರಿಗೂ ನಷ್ಟ.

ಬಂಜರು ಎಂಬ ಹೆಸರು ಬಂದ ಬಗೆ

ಹುಲ್ಲುಗಾವಲನ್ನು ನಮ್ಮ ಹಿಂದಿನವರು ಬಂಜರೆಂದು ಎಣಿಸಿರಲಿಲ್ಲ. ಮೈಸೂರು ಅರಸರು ತಮ್ಮ ರಾಸುಗಳಿಗಾಗಿ ಕಾವಲುಗಳನ್ನು ಕಾದಿರಿಸಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹರಡಿದ್ದ ಈ ಕಾವಲುಗಳಲ್ಲಿ ರಾಸುಗಳ ಜೊತೆಗೆ ಜಿಂಕೆ, ತೋಳ, ನರಿಗಳಿಗೂ ನೆಲೆ ದೊರಕಿತ್ತು. ಬ್ರಿಟಿಷರ ಆಡಳಿತದಲ್ಲಿ ಕಂದಾಯ ತರದ ನೆಲವೆಲ್ಲ ಪಾಳುಭೂಮಿಯೆಂದು ಲೆಕ್ಕಕ್ಕೆ ಸೇರಿತು. ಆ ಲೆಕ್ಕದ ಪುಸ್ತಕವನ್ನು ನಾವು ಇಂದಿಗೂ ಮುಚ್ಚಿಲ್ಲ.

ಶಿರಾ, ಪಾವಗಡಗಳಿಗೆ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2009ರಿಂದ ಈಚೆಗೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ದೇಶದ ದೊಡ್ಡ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಸೌರವಿದ್ಯುತ್ ಉದ್ಯಾನ ಆರಂಭವಾಯಿತು. ಅಲ್ಲಿ ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆಯನ್ನೇ ನಂಬಿ ಸೋತ ಮನೆಗಳಿಗೆ ವರ್ಷವರ್ಷವೂ ಒಂದು ಆದಾಯ ಬರುವಂತಾಗಿದೆ. ವಿದ್ಯುತ್ತು ಬೇಡ, ವಿಜ್ಞಾನ ಬೇಡ ಎಂದು ನಾವು ಹೇಳುತ್ತಿಲ್ಲ. ಬರದ ಬೇಗೆಯನ್ನು ಅನುಭವಿಸಿದ ರೈತನಿಗೆ ಉಪದೇಶ ಮಾಡುವ ಇಚ್ಛೆಯೂ ನಮಗಿಲ್ಲ. ಆದರೆ ಒಂದು ನೆಲವನ್ನು ಯಾವುದಕ್ಕೆ ಕೊಡಬೇಕೆಂದು ತೀರ್ಮಾನಿಸುವಾಗ, ಅಲ್ಲಿ ಈಗಾಗಲೇ ಯಾರು ವಾಸವಾಗಿದ್ದಾರೆಂದು ಒಮ್ಮೆ ಕೇಳಬೇಡವೆ? ಬಂಜರು ಎಂದು ಬರೆದುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಆ ಹೆಸರಿನ ದೋಷ ಅದು.

ಬಯಲಿನಿಂದ ತಳ್ಳಲ್ಪಟ್ಟ ಪ್ರಾಣಿ ಆಕಾಶಕ್ಕೆ ಹಾರದು. ಗುಡ್ಡ ಸಿಡಿದರೆ ಕರಡಿ ತೋಟಕ್ಕೆ ಬರುತ್ತದೆ. ಕಾಡಿನ ಬೇಟೆ ತೀರಿದರೆ ಚಿರತೆ ಕೊಟ್ಟಿಗೆಗೆ ಬರುತ್ತದೆ. ಹುಲ್ಲು ಮುಗಿದರೆ ಜಿಂಕೆ ಹೊಲಕ್ಕೆ ಬರುತ್ತದೆ. ನಾವು ಅದನ್ನು ಕಾಡುಪ್ರಾಣಿಗಳ ಹಾವಳಿ ಎನ್ನುತ್ತೇವೆ. ಅವುಗಳಿಗೆ ಮಾತು ಬರುವಂತಿದ್ದರೆ ನಮ್ಮನ್ನು ಏನೆಂದು ಕರೆಯುತ್ತಿದ್ದವೋ!

ಗೃಹಸ್ಥರ ಪಾಲಿನ ಕರ್ತವ್ಯ

ಇದೆಲ್ಲ ಸರ್ಕಾರದ ಕೆಲಸ, ನಮ್ಮಿಂದ ಏನಾದೀತು ಎಂದು ಕೈಕಟ್ಟಿ ಕೂರುವಂತಿಲ್ಲ. ಕರಡಿ, ಚಿರತೆ, ತೋಳ, ಕೃಷ್ಣಮೃಗ, ಚಿಂಕಾರ, ಕೊಂಡಕುರಿ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯ ರಕ್ಷಣೆಯಿದೆ. ಆದರೆ ಕಾಯಿದೆ ಕಾಗದದಲ್ಲಿರುತ್ತದೆ. ಪ್ರಾಣಿ ನಮ್ಮ ಬೇಲಿಯ ಬಳಿ ಇರುತ್ತದೆ.

ಮೊದಲನೆಯದು ಮಕ್ಕಳ ರಕ್ಷಣೆ. ಬೆಟ್ಟದ ಮಗ್ಗುಲಿನ ಊರುಗಳಲ್ಲಿ ಸಂಜೆಯಾದ ಮೇಲೆ ಚಿಕ್ಕ ಮಕ್ಕಳನ್ನು ಒಂಟಿಯಾಗಿ ಅಂಗಳದಲ್ಲಿ ಬಿಡಬಾರದು. ಮನೆಯ ಸುತ್ತ ಪೊದೆ ಬೆಳೆಯದಂತೆ ನೋಡಿಕೊಂಡು, ಹಿತ್ತಿಲಿಗೆ ಒಂದು ದೀಪ ಹಾಕಬೇಕು. ಬಹಿರ್ದೆಸೆಗೆ ಕತ್ತಲಲ್ಲಿ ಬಯಲಿಗೆ ಹೋಗುವ ಪರಿಪಾಠ ಇನ್ನೂ ಉಳಿದಿರುವ ಮನೆಗಳಲ್ಲಿ ಅದನ್ನು ತಪ್ಪಿಸಬೇಕು.

ಎರಡನೆಯದು ಕೊಟ್ಟಿಗೆ. ಕುರಿ, ಮೇಕೆ, ಕರುಗಳನ್ನು ಇರುಳಿನಲ್ಲಿ ಮೇಲ್ಛಾವಣಿಯೂ ಗಟ್ಟಿ ಬಾಗಿಲೂ ಉಳ್ಳ ಕಡೆ ಕೂಡಬೇಕು. ತೆರೆದ ದೊಡ್ಡಿ ಚಿರತೆಗೆ ಬಡಿಸಿಟ್ಟ ಎಲೆಯಿದ್ದಂತೆ. ಊರಂಚಿನಲ್ಲಿ ಕಸದ ತಿಪ್ಪೆ ಬೆಳೆದರೆ ಬೀದಿನಾಯಿ ಬರುತ್ತದೆ. ನಾಯಿಯ ಹಿಂದೆ ಚಿರತೆ ಬರುತ್ತದೆ.

ಮೂರನೆಯದು ಗುಂಪು ಗದ್ದಲ. ಚಿರತೆಯೋ ಕರಡಿಯೋ ಊರೊಳಗೆ ಬಂತೆಂದರೆ ನೂರಾರು ಜನ ಕೋಲು ಹಿಡಿದು ಸುತ್ತುವರಿಯುವುದು ಸಾಮಾನ್ಯ. ಓಡಲು ದಾರಿ ಕಾಣದ ಪ್ರಾಣಿ ಮೇಲೆ ಬೀಳದೆ ಇನ್ನೇನು ಮಾಡೀತು? ಜನರನ್ನು ಚದುರಿಸಿ, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಅದಕ್ಕೆ ಹೊರಟುಹೋಗುವ ದಾರಿ ಬಿಡುವುದೇ ವಿವೇಕ.

ನಾಲ್ಕನೆಯದು ಹೊಲದ ಬೇಲಿ. ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ, ಕರಡಿಗಳು ಸಿಕ್ಕಿ ನರಳಿ ಸಾಯುವುದುಂಟು. ಬೇಲಿಗೆ ನೇರವಾಗಿ ಕೊಟ್ಟ ವಿದ್ಯುತ್ತು ಪ್ರಾಣಿಯನ್ನೂ ಕೊಲ್ಲುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹೊಲಕ್ಕೆ ಹೋದ ನೆರೆಯವನನ್ನೂ ಕೊಲ್ಲುತ್ತದೆ. ಎರಡೂ ಅಪರಾಧಗಳೇ.

ಐದನೆಯದು ಯಾತ್ರೆ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ದೇವರಾಯನದುರ್ಗಗಳಿಗೆ ಕುಟುಂಬಸಮೇತ ಹೋಗುವ ಭಕ್ತರು ಚೆನ್ನಾಗಿ ಬೆಳಕಾದ ಮೇಲೆ ಬೆಟ್ಟ ಹತ್ತಿ, ಹೊತ್ತು ಮುಳುಗುವ ಮುನ್ನ ಇಳಿಯಲಿ. ಗುಂಪಾಗಿ, ಮಾತನಾಡುತ್ತ ನಡೆದರೆ ಕರಡಿ ತಾನಾಗಿ ದಾರಿ ಬಿಡುತ್ತದೆ. ಬುತ್ತಿಯ ಉಳಿಕೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ಅಲ್ಲಿ ಎಸೆದು ಬರುವವರ ಯಾತ್ರೆ ಅಪೂರ್ಣ. ಬೇಸಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳಲು ಎಸೆದ ಒಂದು ಬೀಡಿತುಂಡೂ ಸಾಕೆಂಬುದು ನೆನಪಿರಲಿ.

ಇವೆಲ್ಲ ಆಗದ ಮಾತಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ನೋಡಿರಿ. ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಕೆಳಗೆ ಜನ ಓಡಾಡುತ್ತಿರುತ್ತಾರೆ, ಮೇಲೆ ಮರಿಗಳು ಕೂಗುತ್ತಿರುತ್ತವೆ. ಊರವರು ಅವನ್ನು ತಮ್ಮವೆಂದೇ ಕಾಯುತ್ತ ಬಂದಿದ್ದಾರೆ. ಹಕ್ಕಿಯ ವಿಷಯದಲ್ಲಿ ಒಂದು ಹಳ್ಳಿಗೆ ಸಾಧ್ಯವಾದುದು, ಹುಲ್ಲಿನ ವಿಷಯದಲ್ಲಿ ಇನ್ನೊಂದು ಹಳ್ಳಿಗೆ ಏಕೆ ಸಾಧ್ಯವಾಗದು? ಗೋಮಾಳವನ್ನು ಒತ್ತುವರಿಯಾಗದಂತೆ ಉಳಿಸಿಕೊಂಡರೆ ಊರ ದನಕ್ಕೂ ಮೇವು, ಬಯಲ ಜಿಂಕೆಗೂ ನೆಲೆ. ಗ್ರಾಮಸಭೆಯಲ್ಲಿ ಈ ಮಾತನ್ನೆತ್ತಲು ಖರ್ಚೇನೂ ಇಲ್ಲ.

ಸಹೃದಯರೇ, ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊಳವನಹಳ್ಳಿಯ ದಾರಿಯಾಗಿ ಬಂದರೆ ಒಂದು ದಿನವನ್ನು ಬಯಲಿಗೆಂದು ತೆಗೆದಿಡಿ. ಮೈದನಹಳ್ಳಿಯ ಹುಲ್ಲಿನಲ್ಲಿ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ದೂರದಲ್ಲಿಯೇ ನಿಂತು, ಸದ್ದುಮಾಡದೆ ನೋಡಲು ಅವರಿಗೆ ಹೇಳಿಕೊಡಿ. ಕಪ್ಪು ಬೆನ್ನಿನ ಗಂಡೊಂದು ತಲೆಯೆತ್ತಿ ನೋಡಿ, ನೆಗೆದು, ಹಿಂಡಿನೊಡನೆ ಹೊರಟಾಗ ಮಕ್ಕಳ ಕಣ್ಣಿನಲ್ಲಿ ಮೂಡುವ ಬೆಳಕನ್ನು ಗಮನಿಸಿ. ಆ ಮಕ್ಕಳು ದೊಡ್ಡವರಾದ ಮೇಲೆ ಆ ನೆಲವನ್ನು ಬಂಜರೆಂದು ಕರೆಯಲಾರರು. ನಮ್ಮ ತಲೆಮಾರು ತಪ್ಪಾಗಿ ಇಟ್ಟ ಹೆಸರನ್ನು ಅವರಾದರೂ ತಿದ್ದಿಯಾರೆಂಬ ನಂಬಿಕೆ ನಮ್ಮದು.